ಪ್ಯೂರ್ ಬೆಲ್ಜಿಯಂ, ಬೆರಕೆ ಇಲ್ಲ ಸಾರ್!

ಹಾಸನದ ನಮ್ಮ ಭಾವನಿಗೆ ಪಾರಿವಾಳದ ಹುಚ್ಚು. ಹೋದ ವರ್ಷ ಬೆಂಗಳೂರಿನಿಂದ ಒಂದು ಜೋಡಿ ಹೋಮರ್ ತಂದರು, ದೂರ ಒಯ್ದು ಬಿಟ್ಟರೂ ತನ್ನ ಗೂಡಿಗೇ ವಾಪಸ್ ಬರೋ ಪಾರಿವಾಳದ ತಳಿ. ಮಾರಿದವನು 'ಪ್ಯೂರ್ ಬೆಲ್ಜಿಯಂ, ಬೆರಕೆ ಇಲ್ಲ ಸಾರ್' ಅಂದಿದ್ದನಂತೆ. ಒಂದು ತಿಂಗಳು ತಾರಸಿ ಗೂಡಿನಲ್ಲೇ ಇಟ್ಟು, ಮೆಕ್ಕೆಜೋಳ, ಕಡಲೆ ಹಾಕಿ ಸಾಕಿ, ಇನ್ನು ಹೊಂದಿಕೊಂಡಿರಬೇಕು ಅಂತ ಒಂದು ಬೆಳಿಗ್ಗೆ ಬಾಗಿಲು ತೆಗೆದರು. ಎರಡೂ ಮನೆ ಮೇಲೆ ಎರಡು ಸುತ್ತು ಹಾಕಿ ಸೀದಾ ಪೂರ್ವಕ್ಕೆ ಹೋದವು. ಮಧ್ಯಾಹ್ನ ಬೆಂಗಳೂರಿನಿಂದ ಫೋನು: 'ಸಾರ್, ನಿಮ್ಮ ಹಕ್ಕಿ ಇಲ್ಲಿ ಬಂದು ಕೂತಿವೆ!'

ಭಾವ ಮೋಸ ಅಂದರು. ನನಗೆ ಮಾತ್ರ, ಹೋಮರ್ ಅನ್ನೋದಕ್ಕೆ ಇದಕ್ಕಿಂತ ಗ್ಯಾರಂಟಿ ಏನು ಬೇಕು ಅನ್ನಿಸಿತು. ಸುಳ್ಳು ಇದ್ದಿದ್ದು ಆ 'ಬೆರಕೆ ಇಲ್ಲ' ಅನ್ನೋ ಮಾತಿನಲ್ಲಿ. ಹೋಮರ್ ಹುಟ್ಟಿದ್ದೇ ಬೆರಕೆಯಿಂದ.

ಇವತ್ತಿನ ರೇಸ್ ಹೋಮರ್ ರೂಪುಗೊಂಡಿದ್ದು 19ನೇ ಶತಮಾನದಲ್ಲಿ, ಬೆಲ್ಜಿಯಂನ ಆಂಟ್ವರ್ಪ್, ಲಿಯೇಜ್ ಕಡೆ. ಅಲ್ಲಿಯವರ ಹತ್ತಿರ ಸ್ಮರ್ಲ್ ಅಂತ ಗಿಡ್ಡ ಕೊಕ್ಕಿನ ಚಿಕ್ಕ ಹಕ್ಕಿ ಇತ್ತು. ಕ್ಯುಮುಲೆ ಅಂತ ಇನ್ನೊಂದು, ಬಿಳಿ ಮೈಯದ್ದು, ಮೇಲೇರಿದರೆ ಗಂಟೆಗಟ್ಟಲೆ ಇಳಿಯದ್ದು. ಇವಕ್ಕೆ ಇಂಗ್ಲೆಂಡಿನ ಡ್ರಾಗೂನ್, ಹಾರ್ಸ್‌ಮನ್, ಕ್ಯಾರಿಯರ್ ಅನ್ನೋ ಪಾರಿವಾಳ ತಳಿಗಳ ರಕ್ತ ಸೇರಿಸಿದರು. ಈ ಕ್ಯಾರಿಯರ್ ಕಥೆ ತಮಾಷೆಯದ್ದು. ಇದರ ಪೂರ್ವಜರು ಬಾಗ್ದಾದ್, ಪರ್ಷಿಯಾ ಕಡೆಯವು. ಇಂಗ್ಲೆಂಡಿನವರು ಅದರ ಕೊಕ್ಕಿನ ಮೇಲಿನ ಗಂಟು ದಪ್ಪ ಆದಷ್ಟೂ ಚೆಂದ ಅಂತ ಸಾಕುತ್ತಾ ಹೋಗಿ, ಕೊನೆಗೆ ಅದು ಬರೀ ಪ್ರದರ್ಶನದ ಹಕ್ಕಿಯಾಯಿತು. ಹೆಸರು ಕ್ಯಾರಿಯರ್, ಹೊರೋದು ಮೂಗಿನ ಮೇಲಿನ ಗಂಟು ಅಷ್ಟೇ.

ಬೆಲ್ಜಿಯಂನವರು ಅಂದ ಚೆಂದ ನೋಡಲಿಲ್ಲ. ಬುಟ್ಟಿಯಲ್ಲಿ ದೂರ ಒಯ್ದು ಬಿಡೋದು, ಬೇಗ ಮನೆಗೆ ಬಂದದ್ದರಿಂದ ಮರಿ ತೆಗೆಯೋದು. ದಾರಿ ತಪ್ಪಿದ್ದು ಹೇಗೂ ವಾಪಸ್ ಬರಲ್ಲ, ಅದರ ವಂಶ ಆ ಗೂಡಿನಲ್ಲಿ ಅಲ್ಲಿಗೆ ಮುಗೀತು. ಹೀಗೆ ಜರಡಿ ಹಿಡಿದೇ ತಳಿ ಆಯಿತು. 1850ರಲ್ಲಿ ಜರ್ಮನಿಯ ಆಖೆನ್ ಮತ್ತು ಬ್ರಸೆಲ್ಸ್ ನಡುವೆ ಟೆಲಿಗ್ರಾಫ್ ತಂತಿ ಇಲ್ಲದ ಕಡೆ, ಮುಂದೆ ರಾಯ್ಟರ್ಸ್ ಸುದ್ದಿಸಂಸ್ಥೆ ಕಟ್ಟಿದ ರಾಯ್ಟರ್ ಷೇರು ಬೆಲೆ ಕಳಿಸಿದ್ದು ಪಾರಿವಾಳದ ಕಾಲಿಗೆ ಕಟ್ಟಿ. ನಮ್ಮಲ್ಲೂ ಒಡಿಶಾ ಪೊಲೀಸರು ಸಂದೇಶ ಕಳಿಸೋಕೆ 1946ರಿಂದ ದಶಕಗಟ್ಟಲೆ ಬೆಲ್ಜಿಯನ್ ಹೋಮರ್‌ಗಳನ್ನೇ ನಂಬಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಎಲ್ಲ ಸಾಕು ಪಾರಿವಾಳಕ್ಕೂ ಅಜ್ಜಿ ಒಬ್ಬಳೇ, ಬಂಡೆ ಪಾರಿವಾಳ. ಡಾರ್ವಿನ್ ಸ್ವತಃ ಪಾರಿವಾಳ ಸಾಕಿ ಇದನ್ನು ನೋಡಿದ್ದ. ಬಿಳಿ ಲಕ್ಕ (ಬೀಸಣಿಗೆಯಂಥ ಬಾಲದ್ದು) ಮತ್ತು ಕಪ್ಪು ಬಾರ್ಬ್ ತಳಿಗಳನ್ನು ಬೆರೆಸುತ್ತಾ ಹೋದಾಗ ಒಂದು ಮೊಮ್ಮಗು ನೀಲಿ ಬೂದು ಮೈ, ರೆಕ್ಕೆ ಮೇಲೆ ಎರಡು ಕಪ್ಪು ಪಟ್ಟಿ, ಸೊಂಟದಲ್ಲಿ ಬಿಳಿ ಹೊತ್ತು ಥೇಟ್ ಕಾಡು ಹಕ್ಕಿಯಂತೆ ಹುಟ್ಟಿತು! ಇಂಡಿಯಾದ ಕಾಡು ಪಾರಿವಾಳಕ್ಕೆ ಆ ಸೊಂಟ ಬಿಳಿಯಲ್ಲ, ನೀಲಿ ಛಾಯೆಯದ್ದು ಅಂತಲೂ 1859ರ 'ಆರಿಜಿನ್ ಆಫ್ ಸ್ಪೀಷೀಸ್' ಪುಸ್ತಕದಲ್ಲಿ ಬರೆದಿದ್ದಾನೆ.

ಹಳೇಬೀಡಿಗೆ ಹೋದಾಗ ಶಿಲ್ಪ ಬಿಟ್ಟು ಸಂದಿಯಲ್ಲಿ ಕೂತ ಪಾರಿವಾಳಗಳನ್ನೇ ನೋಡುತ್ತಾ ನಿಂತಿದ್ದೆ (ಹೆಂಡತಿ ಬೈದಳು). ಒಂದು ಹಾರಿದಾಗ ಕಣ್ಣಿಟ್ಟು ನೋಡಿದೆ, ಸೊಂಟ ಬೂದು. ಕಾಡಿನ ಪಾರಿವಾಳ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತೆ, ಕಾಳು ಹುಡುಕಿ ದೂರದ ಹೊಲಕ್ಕೆ ಹೋಗುತ್ತೆ, ಮತ್ತೆ ಅದೇ ಸಂದಿಗೆ ಬರಬೇಕು. ಮನೆ ಹುಡುಕೋ ಬುದ್ಧಿ ಮೊದಲೇ ಇತ್ತು, ಅಲ್ವಾ? ಬೆಲ್ಜಿಯಂನವರು ಅದನ್ನು ಸಾಣೆ ಹಿಡಿದರು ಅಷ್ಟೇ. ರೇಸಿನಲ್ಲಿ ದಾರಿ ತಪ್ಪಿದ ಹಕ್ಕಿಗಳೂ ಸುಮ್ನೆ ಸಾಯಲಿಲ್ಲ. ಅಮೆರಿಕದ ಬೀದಿ ಪಾರಿವಾಳಗಳ ಡಿಎನ್‌ಎ ನೋಡಿದಾಗ ರೇಸ್ ಹೋಮರ್‌ಗಳ ನಂಟು ಜೋರಾಗಿಯೇ ಕಂಡಿದೆ. ಇದು 2012ರಲ್ಲಿ ಪ್ರಕಟವಾದ ಅಧ್ಯಯನ.

ಭಾವ ಆಮೇಲೆ ಆ ಜೋಡಿಯನ್ನು ವಾಪಸ್ ತಂದು ಬಲೆಯೊಳಗೇ ಇಟ್ಟರು. ಹದಿನೆಂಟು ದಿನ ಕಾವು ಕೂತು ಎರಡು ಮರಿ ಆದವು. ದೊಡ್ಡವಾದ ಮೇಲೆ ಮೊನ್ನೆ ಭಾನುವಾರ ಬುಟ್ಟಿಯಲ್ಲಿಟ್ಟು ಅರಸೀಕೆರೆಯಲ್ಲಿ ಬಿಟ್ಟು ಬಂದೆವು. ನಾವು ಹಾಸನದ ಮನೆ ಮುಂದೆ ಬೈಕ್ ನಿಲ್ಲಿಸುವಾಗ ಎರಡೂ ತಾರಸಿ ಮೇಲೆ ಗರಿ ಸರಿಮಾಡಿಕೊಳ್ಳುತ್ತಿದ್ದವು.