ಚುಚ್ಚದೆಯೂ ಚುಚ್ಚಿದಂತೆ ಅನಿಸುವ ಸೂಜಿ

ಚೀನೀ ವೈದ್ಯದಲ್ಲಿ ಗಿಡಮೂಲಿಕೆಯೂ ಉಂಟು, ಮೈಯ ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಕೂಡ ಉಂಟು. ಗಿಡಮೂಲಿಕೆಯನ್ನು ಪರೀಕ್ಷೆಗೆ ಒಡ್ಡುವುದು ಒಂದು ಲೆಕ್ಕದಲ್ಲಿ ಸಲೀಸು. ಚೀನಾದ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಚಿಂಗ್‌ಹಾವ್ ಗಿಡವನ್ನು ಕುದಿಸಿ ತೆಗೆದ ಸಾರ ಕೈಕೊಟ್ಟಿತ್ತು. ನಾಲ್ಕನೇ ಶತಮಾನದ ವೈದ್ಯ ಗೆ ಹೊಂಗ್ ಬರೆದಿಟ್ಟದ್ದು ‘ನೀರಲ್ಲಿ ನೆನೆಸಿ, ಹಿಂಡಿ ಕುಡಿ’ ಎಂದು. ಕುದಿಸುವ ಮಾತೇ ಅಲ್ಲಿಲ್ಲ. ಬಿಸಿಗೆ ಸಾರ ಕೆಡುತ್ತಿರಬಹುದೆಂದು ತು ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಳಿಸಿತು. ಹೀಗೆ ಸಾರ ಕೈಗೆ ಸಿಕ್ಕರೆ ಗುಳಿಗೆ ಕಟ್ಟಬಹುದು, ನೋಡಲು ಅದರಂತೆಯೇ ಇರುವ ಖಾಲಿ ಗುಳಿಗೆಯನ್ನೂ ಕಟ್ಟಬಹುದು; ಯಾರಿಗೆ ಯಾವುದು ಸಿಕ್ಕಿತೆಂದು ತಿಳಿಸದೆ ಎರಡನ್ನೂ ಹೋಲಿಸಬಹುದು.

ಸೂಜಿಗೆ ಏನು ಮಾಡುತ್ತೀರಿ? ಚುಚ್ಚಿದ್ದು ಚುಚ್ಚಿಸಿಕೊಂಡವರಿಗೆ ಗೊತ್ತಾಗದೇ ಇರುತ್ತದೆಯೇ?

ಜರ್ಮನಿಯ ವೈದ್ಯ ಸ್ಟ್ರೈಟ್‌ಬರ್ಗರ್ 1998ರಲ್ಲಿ ಪ್ರಕಟಿಸಿದ ಉಪಾಯ ನಮ್ಮ ಕಂಪನಿ ನಾಟಕದ ಚೂರಿಯದ್ದೇ. ಹೊಟ್ಟೆಗೆ ಒತ್ತಿದರೆ ಅಲಗು ಹಿಡಿಯೊಳಗೆ ಜಾರುತ್ತದಲ್ಲ, ಹಾಗೆ. ಮೊಂಡು ತುದಿಯ ಸೂಜಿ ಚರ್ಮಕ್ಕೆ ತಾಗಿ ಹಿಡಿಕೆಯೊಳಗೆ ಸರಿಯುತ್ತದೆ; ನೋಡುವವರಿಗೆ ಒಳಗೆ ಇಳಿದಂತೆಯೇ ಕಾಣುತ್ತದೆ. ಬೀಳದಂತೆ ಪ್ಲಾಸ್ಟಿಕ್ ಬಳೆಯೊಂದು, ಅದರ ಮೇಲೊಂದು ಅಂಟುಪಟ್ಟಿ. ಹೆಬ್ಬೆರಳು–ತೋರುಬೆರಳಿನ ನಡುವಿನ ಬಿಂದುವಿನಲ್ಲಿ 60 ಜನರ ಮೇಲೆ ಪ್ರಯೋಗಿಸಿದಾಗ, ನಿಜ ಸೂಜಿ ಒಳಹೊಕ್ಕಿತು ಎಂದವರು 54, ಸುಳ್ಳು ಸೂಜಿಗೂ ಹಾಗೆಂದವರು 47! ಆದರೆ ಸೂಜಿವೈದ್ಯರು ‘ದೇ ಚಿ’ ಎಂದು ಕರೆಯುವ ಆ ಮಂದ ನೋವು ಸುಳ್ಳು ಸೂಜಿಯಲ್ಲಿ ಕಂಡದ್ದು 13 ಜನಕ್ಕೆ ಮಾತ್ರ. ನಿಜದ್ದರಲ್ಲಿ 34 ಜನಕ್ಕೆ.

ಜರ್ಮನಿಯಲ್ಲೇ ಸೊಂಟನೋವಿನ 1,162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಬೇರೆ ದಾರಿ ಹಿಡಿಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಆಳದ ಸೂಜಿ, ಇನ್ನೊಂದಕ್ಕೆ ಎಲ್ಲೆಲ್ಲೋ ಮೇಲುಮೇಲೆ ಚುಚ್ಚು, ಮೂರನೆಯದಕ್ಕೆ ಮಾಮೂಲಿ ಮಾತ್ರೆ–ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಕ್ರಮವಾಗಿ ಶೇ. 47.6, 44.2, 27.4. ‘ಮಾತ್ರೆಗಿಂತ ಸೂಜಿ ಮೇಲು’ ಎಂದು ಒಂದು ಪಕ್ಷ ಕುಣಿಯಿತು, ‘ಬಿಂದು, ಅವನ್ನು ಬೆಸೆಯುವ ನಾಡಿಮಾರ್ಗ ಎಲ್ಲ ಬೊಗಳೆ’ ಎಂದು ಇನ್ನೊಂದು. ಬಿಂದುಗಳ ನಕ್ಷೆಗೆ ಏಟು ಬಿದ್ದದ್ದಂತೂ ಹೌದು. ಆದರೆ ಮೇಲುಮೇಲಿನ ಚುಚ್ಚು ಖಾಲಿ ಗುಳಿಗೆಗೆ ಸಮವಲ್ಲ, ಚರ್ಮದ ನರಗಳನ್ನು ಅದೂ ಕೆಣಕುತ್ತದೆ. ಇತ್ತ ಮೂರನೇ ಗುಂಪಿನವರಿಗೆ ತಮಗೆ ಸೂಜಿ ಸಿಕ್ಕಿಲ್ಲವೆಂಬುದು ಮೊದಲೇ ಗೊತ್ತು; ಆ ನಿರಾಸೆಯೂ ಅಂಕಿಯಲ್ಲಿ ಸೇರಿರಬಹುದು.

ಸೂಜಿ ಅಂಗಾಂಶದಲ್ಲಿ ಏನೂ ಮಾಡದು ಎನ್ನುವುದೂ ಅವಸರದ ಮಾತು. 2010ರ ಪ್ರಯೋಗವೊಂದರಲ್ಲಿ ಇಲಿಯ ಮೊಣಕಾಲ ಬಳಿ ಸೂಜಿ ಚುಚ್ಚಿ, ಅರ್ಧ ಗಂಟೆ ಕಾಲ ಐದೈದು ನಿಮಿಷಕ್ಕೊಮ್ಮೆ ತಿರುಗಿಸಿದಾಗ, ಸುತ್ತಲಿನ ದ್ರವದಲ್ಲಿ ನೋವು ತಗ್ಗಿಸಬಲ್ಲ, ಮೈಯಲ್ಲೇ ಹುಟ್ಟುವ ಅಡೆನೊಸಿನ್ ಎಂಬ ರಾಸಾಯನಿಕ ಸುಮಾರು 24 ಪಟ್ಟು ಏರಿತ್ತು. ಅದನ್ನು ಹಿಡಿಯುವ ಎ1 ಗ್ರಾಹಕ ಇಲ್ಲದ ಇಲಿಗಳಲ್ಲಿ ನೋವು ತಗ್ಗಲಿಲ್ಲ. ಇದು ನೋವಿನ ಮಾತಷ್ಟೇ. ಇದನ್ನೇ ಹಿಡಿದು ಮಧುಮೇಹ, ಕ್ಯಾನ್ಸರ್ ವಾಸಿಯೆಂದು ಫಲಕ ಹಾಕುವುದು ಮೋಸ.

ಇನ್ನೂ ಒಂದು ತೂತು ಉಳಿದಿದೆ: ರೋಗಿಗೆ ಗೊತ್ತಿಲ್ಲದಿದ್ದರೂ ಚುಚ್ಚುವವರಿಗೆ ಗೊತ್ತು, ಅದು ಮುಖದಲ್ಲಿ, ಮಾತಿನಲ್ಲಿ ಇಣುಕುತ್ತದೆ. ಜಪಾನಿನವರು 2007ರಲ್ಲಿ ಒಳಗೆ ಕಾಣದ ಕೊಳವೆಯಲ್ಲಿ ಸೂಜಿ ಅಡಗಿಸಿ, ಕೆಳಗೆ ಮೆತ್ತನೆಯ ವಸ್ತು ತುಂಬಿದರು. ಸುಳ್ಳು ಸೂಜಿಯ ತುದಿ ಚರ್ಮಕ್ಕೆ ಒತ್ತಿ ಅಲ್ಲೇ ನಿಂತರೂ, ಅಂಗಾಂಶ ಸೀಳಿಕೊಂಡು ಹೋದ ತಡೆಯೇ ಬೆರಳಿಗೆ ಸಿಗುತ್ತದೆ. ಹಾಗಾಗಿ ಇಲ್ಲಿ ಚುಚ್ಚುವವರೂ ಮೋಸಹೋಗುತ್ತಾರೆ. ಬೆಲೆಯೂ ಇದೆ: ಆಳ ಮೊದಲೇ ನಿಗದಿ, ರೋಗಿಯ ಮೈಗೆ ತಕ್ಕಂತೆ ಬದಲಿಸಲಾಗದು.