ಸಲಿಂಗಿಗಳ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದರೆ ಜನ ನಿಜ ಹೇಳುತ್ತಾರಾ?

ಪ್ರಶ್ನೆ: ಸಲಿಂಗಿಗಳ ಬಗ್ಗೆ ಭಿನ್ನಲಿಂಗಿಗಳ ಅಭಿಪ್ರಾಯ ಏನೆಂದು ಸಮೀಕ್ಷೆಗಳು ಹೇಳುತ್ತಿರುತ್ತವೆ. ಆದರೆ ಕೇಳಿದಾಗ ಜನ ಸುಮ್ನೆ ಒಳ್ಳೆಯ ಮಾತು ಹೇಳಿಬಿಡಬಹುದಲ್ವಾ? ಮನಸ್ಸಿನಲ್ಲಿರುವುದನ್ನು ಅಳೆಯುವುದು ಹೇಗೆ?

ಉತ್ತರ: ಖಂಡಿತ ಹೇಳಿಬಿಡಬಹುದು. ಹಾಗಾಗಿಯೇ ಒಂದೇ ಒಂದು ನೇರ ಪ್ರಶ್ನೆಯನ್ನು ನಂಬಿ ಕೂರಬಾರದು.

ತುಂಬಾ ಬಳಕೆಯಲ್ಲಿರುವ ಒಂದು ಪ್ರಶ್ನಾವಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೆಗರಿ ಹೆರೆಕ್ 1980ರ ದಶಕದಲ್ಲಿ ರೂಪಿಸಿದರು. ಅದರ ಪೂರ್ಣ ರೂಪದಲ್ಲಿ 20 ಹೇಳಿಕೆಗಳಿವೆ. ಹತ್ತು ಲೆಸ್ಬಿಯನ್ ಮಹಿಳೆಯರ ಬಗ್ಗೆ, ಹತ್ತು ಗೇ ಪುರುಷರ ಬಗ್ಗೆ. ಪ್ರತಿಯೊಂದನ್ನೂ ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಹೀಗೆ ಬೇರೆ ಬೇರೆ ಕೇಳುವುದು ಒಳ್ಳೆಯದೇ. ಭಿನ್ನಲಿಂಗಿ ಗಂಡಸರಿಗೆ ಲೆಸ್ಬಿಯನ್ ಮಹಿಳೆಯರಿಗಿಂತ ಗೇ ಪುರುಷರ ಮೇಲೆ ಅಸಹನೆ ಜಾಸ್ತಿ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎರಡನ್ನೂ ಒಟ್ಟಿಗೆ ಕಲಸಿದರೆ ಅದು ಗೊತ್ತೇ ಆಗುವುದಿಲ್ಲ.

ಇನ್ನು ಬಚ್ಚಿಟ್ಟ ಉತ್ತರದ ವಿಷಯ. ಇದಕ್ಕೆ ಪಟ್ಟಿ ಪ್ರಯೋಗ ಎಂಬ ಜಾಣ ದಾರಿ ಇದೆ. ಜನರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಾಲ್ಕು ಮಾಮೂಲಿ ಹೇಳಿಕೆ ಕೊಡುತ್ತಾರೆ. ಇನ್ನೊಂದಕ್ಕೆ ಅದೇ ನಾಲ್ಕರ ಜೊತೆ ಐದನೆಯದು: 'ನನ್ನ ಮ್ಯಾನೇಜರ್ ಸಲಿಂಗಿಯಾಗಿದ್ದರೆ ನನಗೆ ಅಡ್ಡಿಯಿಲ್ಲ.' ಇವುಗಳಲ್ಲಿ ಎಷ್ಟು ನಿಮಗೆ ಹೊಂದುತ್ತವೆ ಎಂದಷ್ಟೇ ಹೇಳಬೇಕು, ಯಾವುವು ಎಂದಲ್ಲ. ಮೊದಲ ಗುಂಪಿನ ಸರಾಸರಿ 2.1, ಎರಡನೆಯದರದ್ದು 2.8 ಬಂತು ಎಂದುಕೊಳ್ಳಿ. ವ್ಯತ್ಯಾಸ 0.7. ಅಂದರೆ ನೂರರಲ್ಲಿ ಸುಮಾರು 70 ಜನರಿಗೆ ಅಡ್ಡಿಯಿಲ್ಲ. ಯಾರ ಗುಟ್ಟೂ ಬಯಲಾಗಲಿಲ್ಲ.

ಅಮೆರಿಕದಲ್ಲಿ 2,500ಕ್ಕೂ ಹೆಚ್ಚು ಜನರ ಮೇಲೆ ಇದೇ ಬಗೆಯ ಅಧ್ಯಯನ ನಡೆಯಿತು. ವರದಿ ಬಂದದ್ದು 2013ರಲ್ಲಿ. ನೇರವಾಗಿ ಕೇಳಿದಾಗ ಸಿಕ್ಕಿದ್ದಕ್ಕಿಂತ, ಹೀಗೆ ಮರೆಯಲ್ಲಿ ಕೇಳಿದಾಗ ಸಲಿಂಗಿ ಮ್ಯಾನೇಜರ್ ಬಗ್ಗೆ ವಿರೋಧ ಶೇ. 67ರಷ್ಟು ಜಾಸ್ತಿ ಸಿಕ್ಕಿತು. ಅದೂ ನೇರ ಪ್ರಶ್ನೆಯನ್ನೂ ಹೆಸರಿಲ್ಲದೆ, ಕಂಪ್ಯೂಟರ್‌ನಲ್ಲೇ ಕೇಳಿದ್ದಾಗ! ಈ ಅಂತರ ನನಗೆ ನಿಜಕ್ಕೂ ಕಳವಳದ ವಿಷಯ. ಕೆಲಸಕ್ಕೆ ಯಾರು, ಬಡ್ತಿ ಯಾರಿಗೆ ಎಂದು ತೀರ್ಮಾನಿಸುವಾಗ ಬಾಯಿಗೆ ಬಾರದ ಈ ವಿರೋಧವೂ ಅಲ್ಲೇ ಇರುತ್ತದೆ.

ಪಟ್ಟಿ ಪ್ರಯೋಗಕ್ಕೂ ಒಂದು ಮಿತಿ ಇದೆ. ಅದು ಇಡೀ ಗುಂಪಿನ ಲೆಕ್ಕ ಕೊಡುತ್ತದೆ, ಒಬ್ಬೊಬ್ಬರದ್ದಲ್ಲ. ಸಲಿಂಗಿ ಗೆಳೆಯರು ಸಿಕ್ಕ ಮೇಲೆ ಒಬ್ಬ ವ್ಯಕ್ತಿಯ ಮನಸ್ಸು ಬದಲಾಯಿತೇ ಎಂದು ನೋಡಬೇಕಾದರೆ ಹೆರೆಕ್ ಅವರದ್ದರಂಥ ಪ್ರಶ್ನಾವಳಿಯೇ ಬೇಕು.