ಪಟ್ಟಿ ಮೊದಲು, ಮನೆ ಆಮೇಲೆ

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ನಾನು ಚಹಾ ಕುಡಿಯುವ ಅಂಗಡಿಯ ಗೋಡೆಯ ಮೇಲೆ ಹಳೆಯ ಫುಟ್‌ಬಾಲ್ ತಂಡವೊಂದರ ಫೋಟೊ ಇದೆ. ಶಾಲಾ ಟೂರ್ನಿಗಳ ಕಾಲ ಬಂತೆಂದರೆ ಅದರ ಕೆಳಗೆ ಒಂದೇ ವಾದ: ದೇಶದ ಫುಟ್‌ಬಾಲ್ ಸಾಧಕರಿಗೊಂದು ಸರಿಯಾದ ಹಾಲ್ ಆಫ್ ಫೇಮ್, ಅಂದರೆ ಹೆಸರುಗಳ ಗೌರವ ಪಟ್ಟಿಯೂ ಅದಕ್ಕೊಂದು ಮನೆಯೂ, ಬೇಡವೇ? ಬೇಕೆನ್ನುವವರು ಕೂಡಲೇ ಹೆಸರುಗಳನ್ನು ಒಪ್ಪಿಸುತ್ತಾರೆ. ಅದನ್ನು ಎಲ್ಲಿ ಕಟ್ಟುವುದು, ಯಾರು ಕಾಯುವುದು ಎಂದರೆ ಮಾತು ಸ್ಕೋರಿನತ್ತ ಹೊರಳುತ್ತದೆ.

ಅಮೆರಿಕ ಈ ತೊಡಕನ್ನು ಪೂರ್ತಿ ಅನುಭವಿಸಿದೆ. 1950ರಲ್ಲಿ ಪಟ್ಟಿ, 1979ರಲ್ಲಿ ನ್ಯೂಯಾರ್ಕ್ ರಾಜ್ಯದ ಒನಿಯೊಂಟಾದಲ್ಲಿ ಸಂಸ್ಥೆ, 1999ರಲ್ಲಿ ದೊಡ್ಡ ಕಟ್ಟಡ, 2010ರಲ್ಲಿ ಬೀಗ, 2018ರಲ್ಲಿ ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಮತ್ತೆ ಗೃಹಪ್ರವೇಶ.

ಒನಿಯೊಂಟಾ ಸಣ್ಣ ಊರು, ಆದರೆ ಆಯ್ಕೆ ಕುರುಡಾಗಿರಲಿಲ್ಲ. ಅಲ್ಲಿನ ಹಾರ್ಟ್‌ವಿಕ್ ಕಾಲೇಜು 1977ರಲ್ಲಿ ರಾಷ್ಟ್ರೀಯ ಕಾಲೇಜು ಫುಟ್‌ಬಾಲ್ ಪ್ರಶಸ್ತಿ ಗೆದ್ದಿತ್ತು. ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್ ಹತ್ತಿರದಲ್ಲೇ ಇತ್ತು. ಆದರೆ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಬಂದವರು ಪಕ್ಕದೂರಿನ ಅಂಗಡಿಗೂ ಹಣಿಕಿ ಹಾಕುತ್ತಾರೆಂದು ನಂಬಿ ಕೂತರೆ ಹೇಗೆ? ನೋಡುಗರು ಸಾಲಲಿಲ್ಲ, ಹಣವೂ ಸಾಲಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಸಂಗ್ರಹವೆಲ್ಲ ಪೆಟ್ಟಿಗೆ ಸೇರಿ ಉತ್ತರ ಕೆರೊಲಿನಾದ ಗೋದಾಮಿಗೆ ಹೋಯಿತು. ವಿಚಿತ್ರವೆಂದರೆ, ಮನೆಯಿಲ್ಲದ ಆ ವರ್ಷಗಳಲ್ಲೂ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತಿದ್ದವು. ಫ್ರಿಸ್ಕೊದವರು ಜಾಣರು, ಕ್ರೀಡಾಂಗಣಕ್ಕೇ ಅಂಟಿಸಿ ಕಟ್ಟಿದರು. ಬಂದವರ ಮುಖ ಗುರುತಿಸುವ ಯಂತ್ರವನ್ನೂ ಇಟ್ಟರು.

ಆದರೆ ಗುರುತಿಸುವುದು ತಡವಾದ ಕಥೆಗಳೂ ಇವೆ. 1950ರ ಜೂನ್ 29ರಂದು ಬ್ರೆಜಿಲ್‌ನ ವಿಶ್ವಕಪ್‌ನಲ್ಲಿ ಅಮೆರಿಕ ಇಂಗ್ಲೆಂಡನ್ನು 1–0ಯಿಂದ ಸೋಲಿಸಿತು. ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿಯವನು, ನ್ಯೂಯಾರ್ಕ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಓದುತ್ತಿದ್ದವನು. 1964ರಲ್ಲಿ ಹೈಟಿಯ ಗುಪ್ತ ಪೊಲೀಸರು ಹಿಡಿದೊಯ್ದ ಮೇಲೆ ಅವನನ್ನು ಯಾರೂ ಕಾಣಲಿಲ್ಲ. ಪಟ್ಟಿಗೆ ಸೇರಿದ್ದು 1976ರಲ್ಲಿ. ಇಂಗ್ಲೆಂಡಿನ ಹಾಲ್ ಆಫ್ ಫೇಮ್ 2002ರಲ್ಲಿ ಆರಂಭವಾದಾಗ ಅದರಲ್ಲಿದ್ದ ಏಕೈಕ ಮಹಿಳೆ ಲಿಲಿ ಪಾರ್. ಆಕೆ ಆಡುತ್ತಿದ್ದಾಗಲೇ, 1921ರಲ್ಲಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರ ಆಟವನ್ನು ನಿಷೇಧಿಸಿತ್ತು. ಗೌರವ ಬರುವ ಹೊತ್ತಿಗೆ ಆಕೆ ತೀರಿಹೋಗಿ 24 ವರ್ಷಗಳಾಗಿದ್ದವು.

ನಮ್ಮ ಸೈಯದ್ ಅಬ್ದುಲ್ ರಹೀಂ ಅವರ ಲೆಕ್ಕವೂ ಅಷ್ಟೇ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, ಎಲ್ಲವೂ ಅವರು ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದಾಗಿನವು. 1962ರ ಜಕಾರ್ತಾದ ಚಿನ್ನ ಬಂದು ವರ್ಷ ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡರು. ಕೋಚ್‌ಗಳಿಗೆಂದೇ ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದು 1985ರಲ್ಲಿ.

ಚಹಾದಂಗಡಿಯ ಫೋಟೊಗೆ ಬೆಳಗಾವಿಯ ಮಳೆಗಾಲವೇ ಶತ್ರು. ಪ್ರತಿವರ್ಷ ಇಳಿಸಿ, ಬಟ್ಟೆಯಿಂದ ಒರೆಸಿ, ಅದೇ ಮೊಳೆಗೆ ತೂಗುಹಾಕುತ್ತಾರೆ. ಈ ಸಲ ತೇವಕ್ಕೆ ಕೆಳಗಿನ ಸಾಲಿನ ಎರಡು ಹೆಸರುಗಳು ಅಳಿಸಿಹೋಗಿದ್ದವು. ಹುಡುಗನೊಬ್ಬ ಹಿರಿಯರನ್ನು ಕೇಳಿ ಬಾಲ್‌ಪೆನ್ನಿನಲ್ಲಿ ಒಂದನ್ನು ಬರೆದ. ಇನ್ನೊಂದು ಅಣ್ಣನದೋ ತಮ್ಮನದೋ ಎಂಬ ಜಗಳ ಇನ್ನೂ ಮುಗಿದಿಲ್ಲ.